ಬೀಜದ ಗುಡ್ಡೆಯ ಹುಳಗಳು: ಕೈಯಲ್ಲಿರುವ ಫೋನ್‌ನಲ್ಲೇ ಹತ್ತಿರದ ಫೋಟೋ ತೆಗೆಯುವ ಕ್ರಮ

ನಮ್ಮ ಬೀಜದ ಗುಡ್ಡೆಯಲ್ಲಿ, ಅಂದರೆ ಗೇರು ತೋಟದಲ್ಲಿ, ಒಂದು ಹುಳ ಇದೆ. ಉದ್ದ 6ರಿಂದ 8 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಅಕ್ಕಿಕಾಳು. ತಲೆ ಕಪ್ಪು, ಎದೆ ಕೆಂಪು, ಮೀಸೆ ಮೈಗಿಂತಲೂ ಉದ್ದ. ಗೇರಿನ ಎಳೆ ಚಿಗುರಿಗೆ ಬಾಯಿ ಚುಚ್ಚಿ ರಸ ಹೀರುತ್ತದೆ. ಹೀರಿದ ಜಾಗ ಕಪ್ಪಾಗಿ ಚಿಗುರು ಒಣಗುತ್ತದೆ. ಕೃಷಿಯವರು ಇದನ್ನು ಟೀ ಸೊಳ್ಳೆ ಅನ್ನುತ್ತಾರೆ. ಹೆಸರು ಸೊಳ್ಳೆ, ಜಾತಿ ತಿಗಣೆಯದ್ದು. 2000ನೇ ಇಸವಿಯವರೆಗೆ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಇದೇ ಹುಳಕ್ಕಾಗಿ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆ ಆ ವಿಷದ ಹೆಸರು ಗೊತ್ತಿಲ್ಲದ ಮನೆ ಇಲ್ಲ. ಹುಳದ ಮುಖ ಕಂಡವರು ಮಾತ್ರ ಕಡಿಮೆ.

ನಾನೂ ಕಂಡಿರಲಿಲ್ಲ. ಒಂದು ದಿನ ಸುಮ್ನೆ ಫೋನ್ ಹಿಡಿದು ಚಿಗುರಿನ ಫೋಟೋ ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಹುಳದ ಬೆನ್ನ ಮೇಲೆ ಒಂದು ಗುಂಡುಸೂಜಿ ನೆಟ್ಟಗೆ ನಿಂತಿದೆ. ತುದಿಯಲ್ಲಿ ಗುಂಡು ಸಮೇತ! ಧೂಳು ಇರಬೇಕು ಅಂದುಕೊಂಡು ಲೆನ್ಸ್ ಒರೆಸಿ ಮರುದಿನ ಮತ್ತೆ ತೆಗೆದೆ. ಮತ್ತೆ ಸೂಜಿ. ಈ ಗುಂಪಿನ ಹುಳಗಳ ಗುರುತೇ ಅದು ಅಂತ ಆಮೇಲೆ ತಿಳಿಯಿತು. ಇಷ್ಟಕ್ಕೆ ಬಳಸಿದ್ದು ಐದು ವರ್ಷ ಹಳೆಯ ಫೋನ್, ಜೊತೆಗೆ ಅಜ್ಜ ಪಂಚಾಂಗ ಓದಲು ಇಟ್ಟುಕೊಂಡಿದ್ದ ಭೂತಗನ್ನಡಿ. ಅಂಥ ಫೋಟೋ ನೀವೂ ತೆಗೆಯಬಹುದು. ಹತ್ತಿರದ ಫೋಟೋಗೆಂದೇ ಇರುವ ಮ್ಯಾಕ್ರೋ ಲೆನ್ಸ್ ಇಲ್ಲ ಅನ್ನುವ ಚಿಂತೆ ಬೇಡ. ತಾಳ್ಮೆ ಇಲ್ಲದಿದ್ದರೆ ಮಾತ್ರ ಕಷ್ಟ.

ಮೊದಲು ನಿಮ್ಮ ಫೋನ್ ಎಷ್ಟು ಹತ್ತಿರ ಹೋಗುತ್ತದೆ ನೋಡಿ

ತೋಟಕ್ಕೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ. ಮೇಜಿನ ಮೇಲೆ ಬೆಂಕಿಪೊಟ್ಟಣ ಇಡಿ. ಪಕ್ಕದಲ್ಲಿ ಮಕ್ಕಳ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ. ಕ್ಯಾಮೆರಾ ತೆರೆದು ಫೋನನ್ನು ನಿಧಾನಕ್ಕೆ ಕೆಳಗಿಳಿಸಿ. ಪೊಟ್ಟಣದ ಸಣ್ಣ ಅಕ್ಷರ ಮಸುಕಾಗುವ ಜಾಗ ಬರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ನಿಮ್ಮ ಗಡಿ. ಹಲವು ಫೋನ್‌ಗಳಲ್ಲಿ ಇದು 8ರಿಂದ 10 ಸೆಂಟಿಮೀಟರ್. ದೊಡ್ಡ ಸೆನ್ಸರ್ ಇರುವ ದುಬಾರಿ ಫೋನ್‌ಗಳು ಇನ್ನೂ ದೂರ ನಿಲ್ಲುತ್ತವೆ. ಹಣ ಜಾಸ್ತಿ ಕೊಟ್ಟವರಿಗೆ ಇಲ್ಲಿ ಸ್ವಲ್ಪ ನಿರಾಸೆ.

ಇನ್ನೊಂದು ವಿಷಯ. ಈಗಿನ ಫೋನ್‌ಗೆ ಮೂರು ನಾಲ್ಕು ಕಣ್ಣು. ಮುಖ್ಯ ಕ್ಯಾಮೆರಾ ಯಾವುದು? 1x ಇಟ್ಟು ಒಂದೊಂದೇ ಕಣ್ಣನ್ನು ಬೆರಳಿನಿಂದ ಮುಚ್ಚಿ. ಪರದೆ ಯಾವಾಗ ಕಪ್ಪಾಗುತ್ತದೋ ಅದೇ. ಹುಳದ ಹತ್ತಿರ ಹೋದಾಗ ಕೆಲವು ಫೋನ್ ತಾನಾಗಿ ಅಗಲದ (ಅಲ್ಟ್ರಾವೈಡ್) ಕ್ಯಾಮೆರಾಕ್ಕೆ ಹಾರುತ್ತದೆ. ಅಗಲದ ಕ್ಯಾಮೆರಾಕ್ಕೆ ಆಟೋಫೋಕಸ್ ಇದ್ದರೆ ಅದೂ ಒಳ್ಳೆಯದೇ, 2-3 ಸೆಂಟಿಮೀಟರ್‌ವರೆಗೆ ಹೋಗಬಹುದು. ಆದರೆ ಅಗ್ಗದ ಫೋನ್‌ಗಳಲ್ಲಿ 'ಮ್ಯಾಕ್ರೋ' ಅಂತ ಬೇರೆಯಾಗಿ ಕೊಡುವ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆಯಲ್ಲ, ಅದನ್ನು ನಾನಂತೂ ಮುಟ್ಟುವುದಿಲ್ಲ. ಮುಖ್ಯ ಕ್ಯಾಮೆರಾದಲ್ಲಿ ಗಡಿಯಷ್ಟು ದೂರ ನಿಂತು ತೆಗೆದು, ಆಮೇಲೆ ಕತ್ತರಿಸಿದರೆ ಅದಕ್ಕಿಂತ ಚೆನ್ನಾಗಿರುತ್ತದೆ.

ಚಿಟ್ಟೆ, ದೊಡ್ಡ ಮಿಡತೆ, ಏರೋಪ್ಲೇನ್ ಚಿಟ್ಟೆ ಇವಕ್ಕೆಲ್ಲ ಇಷ್ಟೇ ಸಾಕು. ಬೇರೇನೂ ಬೇಡ.

ಭೂತಗನ್ನಡಿ ಜೋಡಿಸುವುದು

ಒಂದು ಸೆಂಟಿಮೀಟರಿಗಿಂತ ಸಣ್ಣ ಹುಳಕ್ಕೆ ಮುಂದೆ ಒಂದು ಗಾಜು ಬೇಕು. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಕ್ಲಿಪ್ ಲೆನ್ಸ್ ಸಿಗುತ್ತದೆ. ಕೊಂಡರೆ ತಪ್ಪಿಲ್ಲ. ಆದರೆ ಮನೆಯಲ್ಲಿ ಹುಡುಕಿ ನೋಡಿ. ಓದುವ ಭೂತಗನ್ನಡಿ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು, ಹಾಳಾದ ಬೈನಾಕ್ಯುಲರ್‌ನ ಕಣ್ಣಿನ ಭಾಗ, ಯಾವುದಾದರೂ ಆಗುತ್ತದೆ.

ಯಾವ ಗಾಜು ಎಷ್ಟು ಹತ್ತಿರ ಕರೆದೊಯ್ಯುತ್ತದೆ ಅಂತ ಅಳೆಯುವುದು ಸುಲಭ. ಕಿಟಕಿಯ ಎದುರಿನ ಗೋಡೆಯ ಬಳಿ ಗಾಜು ಹಿಡಿಯಿರಿ. ಹೊರಗಿನ ತೆಂಗಿನಮರ ಗೋಡೆಯ ಮೇಲೆ ತಲೆಕೆಳಗಾಗಿ, ಪುಟ್ಟದಾಗಿ ಮೂಡುತ್ತದೆ. ಚಿತ್ರ ಸ್ಪಷ್ಟವಾದಾಗ ಗಾಜಿನಿಂದ ಗೋಡೆಗೆ ಎಷ್ಟು ದೂರ? 10 ಸೆಂಟಿಮೀಟರ್ ಅಂದುಕೊಳ್ಳಿ. ಹಾಗಾದರೆ ಆ ಗಾಜನ್ನು ಫೋನ್‌ಗೆ ಅಂಟಿಸಿದಾಗ ಹುಳ ಸುಮಾರು 10 ಸೆಂಟಿಮೀಟರ್‌ನಲ್ಲಿ ಸ್ಪಷ್ಟವಾಗುತ್ತದೆ. ಫೋನ್ ತಾನೂ 10 ಸೆಂಟಿಮೀಟರ್‌ಗೆ ಫೋಕಸ್ ಮಾಡಬಲ್ಲದಾದರೆ ಎರಡೂ ಸೇರಿ 5 ಸೆಂಟಿಮೀಟರ್‌ವರೆಗೆ ಹೋಗಬಹುದು. ಜೀವಂತ ಹುಳಕ್ಕೆ ಇದೇ ಸರಿಯಾದ ದೂರ. '10x' ಅಂತ ಬರೆದ ಗಾಜು ಎರಡೂವರೆ ಸೆಂಟಿಮೀಟರ್‌ಗೆ ಎಳೆಯುತ್ತದೆ. ಅಷ್ಟು ಹತ್ತಿರ ಹೋಗುವವರೆಗೆ ಹುಳ ಕೂತಿರಬೇಕಲ್ಲ.

ಹಳೆಯ ಸಿಡಿ ಪ್ಲೇಯರ್ ಒಡೆದು ಅದರ ಪುಟಾಣಿ ಲೆನ್ಸ್ ತೆಗೆಯುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ನಾನೂ ಮಾಡಿದೆ. ಲೆನ್ಸು ಹುಳಕ್ಕೆ ತಾಗುವಷ್ಟು ಹತ್ತಿರ ಹೋಗಬೇಕು, ಬೆಳಕಿಗೆ ಜಾಗವೇ ಇಲ್ಲ. ಸತ್ತ ಇರುವೆಗೆ, ಕಲ್ಲಹೂವಿಗೆ ಆದೀತು. ಲೆನ್ಸ್ ಮೇಲೆ ನೀರ ಹನಿ ಇಡುವ ಉಪಾಯವೂ ಅಷ್ಟೆ. ಮಕ್ಕಳಿಗೆ ಖುಷಿ, ಫೋನ್‌ಗೆ ಅಪಾಯ.

ಗಾಜು ಮತ್ತು ಕ್ಯಾಮೆರಾ ಕಣ್ಣಿನ ನಡು ಒಂದೇ ನೇರಕ್ಕೆ ಬರಬೇಕು, ನಡುವೆ ಸಂದು ಇರಬಾರದು. ಇದಕ್ಕೆ ಹಳೆಯ ಫೋನ್ ಕವರ್ ಬಲಿಕೊಡಿ. ಗಾಜನ್ನು ಕವರ್‌ನ ಕ್ಯಾಮೆರಾ ತೂತಿನ ಮೇಲಿಟ್ಟು ಕರಿ ಇನ್ಸುಲೇಶನ್ ಟೇಪ್ ಸುತ್ತಿ. ಬೇಕಾದಾಗ ಕವರ್ ಹಾಕಿದರಾಯಿತು. ಕೈಯಲ್ಲಿ ಹಿಡಿದರೂ ಆಗುತ್ತದೆ, ಆದರೆ ಒಂದು ಕೈ ಖಾಲಿ ಇರಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಚಿತ್ರದ ಅಂಚು ಮಸುಕಾಗಿ, ಬಣ್ಣ ಒಡೆದು ಬರುವುದು ಸಹಜ. ಹುಳವನ್ನು ನಡುವಿನಲ್ಲಿಟ್ಟು ಅಂಚು ಕತ್ತರಿಸಿ.

ಹಳೆಯ ಕ್ಯಾಮೆರಾ ಕಪಾಟಿನಲ್ಲಿದ್ದರೆ

ಮದುವೆ ಫೋಟೋಗೆ ಅಂತ ಕೊಂಡು ಮೂಲೆಗೆ ಸೇರಿದ ಡಿಎಸ್‌ಎಲ್‌ಆರ್ ಇದ್ದರೆ ಅದರ 18-55 ಲೆನ್ಸ್ ಬಿಚ್ಚಿ, ತಿರುಗಿಸಿ, ಮುಂಭಾಗವನ್ನು ಕ್ಯಾಮೆರಾ ಕಡೆಗೆ ಹಿಡಿದು ನೋಡಿ. ಲೆನ್ಸ್ ಉಲ್ಟಾ ಆದಾಗ ಅದೇ ಮ್ಯಾಕ್ರೋ ಲೆನ್ಸ್. ಇಲ್ಲಿ ಲೆಕ್ಕವೂ ಉಲ್ಟಾ: 55ರಲ್ಲಿ ಹುಳ ಸಣ್ಣದು, 18ರಲ್ಲಿ ತುಂಬ ದೊಡ್ಡದು. 55ರಿಂದ ಶುರುಮಾಡಿ. ಫೋಕಸ್ ರಿಂಗ್‌ನಿಂದ ಹೆಚ್ಚು ಪ್ರಯೋಜನ ಇಲ್ಲ, ನೀವೇ ಹಿಂದೆ ಮುಂದೆ ಸರಿಯಬೇಕು. ಕ್ಯಾಮೆರಾದ ಬಾಯಿ ತೆರೆದಿರುವುದರಿಂದ ಸೆನ್ಸರ್‌ಗೆ ಧೂಳು ನುಗ್ಗುತ್ತದೆ. ಜೋಡಿಸುವ ರಿವರ್ಸ್ ರಿಂಗ್ ತುಂಬ ಅಗ್ಗ, ಅದಕ್ಕೆ ಜಿಪುಣತನ ಮಾಡಬೇಡಿ. ನನಗೆ ಮಾತ್ರ ಗುಡ್ಡೆ ಹತ್ತುವಾಗ ಫೋನೇ ಹಗುರ.

ಬೆಳಕು: ಅಡಿಕೆ ಹಾಳೆ ಮತ್ತು ಮುಟ್ಟಾಳೆ

ಉರಿ ಬಿಸಿಲಲ್ಲಿ ತೆಗೆದ ದುಂಬಿಯ ಬೆನ್ನಲ್ಲಿ ಬಿಳಿ ಮಚ್ಚೆ ಬಿಟ್ಟರೆ ಏನೂ ಕಾಣುವುದಿಲ್ಲ. ಅಡಿಕೆ ತೋಟದ ಒಳಗೆ ಇನ್ನೊಂದು ತೊಂದರೆ. ಸೋಗೆಯ ಸಂದಿನಿಂದ ಬೀಳುವ ಬಿಸಿಲ ಚುಕ್ಕಿ, ಪಕ್ಕದಲ್ಲೇ ಕತ್ತಲೆ. ಫೋನ್ ಯಾವುದನ್ನು ನಂಬಬೇಕು ಅಂತ ತಿಳಿಯದೆ ಒದ್ದಾಡುತ್ತದೆ.

ಪರಿಹಾರ ತೋಟದಲ್ಲೇ ಬಿದ್ದಿದೆ. ತಲೆಗೆ ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಇದ್ದರೆ ಅದನ್ನು ತೆಗೆದು ಹುಳದ ಮೇಲೆ ಬಿಸಿಲಿಗೆ ಅಡ್ಡ ಹಿಡಿಯಿರಿ. ಈಗ ಹುಳ, ಎಲೆ, ಹಿನ್ನೆಲೆ ಎಲ್ಲವೂ ಒಂದೇ ನೆರಳಲ್ಲಿ ಬಂದವು. ಆಮೇಲೆ ಒಂದು ಸಣ್ಣ ತುಂಡು ಅಡಿಕೆ ಹಾಳೆ. ಅದರ ಒಳಮೈ ನುಣುಪು, ಕೆನೆಬಣ್ಣ. ಅದನ್ನು ಹುಳದ ಕೆಳಗೆ ಓರೆಯಾಗಿ ಹಿಡಿದು ಬಯಲಿನ ಬೆಳಕನ್ನು ಮೇಲಕ್ಕೆ ತಿರುಗಿಸಿ. ಹೊಟ್ಟೆಯ ಅಡಿ, ಕಾಲಿನ ಸಂದು, ಎಲ್ಲ ಕಾಣತೊಡಗುತ್ತವೆ. ಖಾಲಿ ಕೈ ಬೇಕು ಅಂದದ್ದು ಇದಕ್ಕೇ. ಎರಡೂ ಒಟ್ಟಿಗೆ ಬೇಕಾದರೆ ಮನೆಯ ಹುಡುಗನನ್ನು ಕರೆದುಕೊಳ್ಳಿ. ಹಾಳೆಯ ಬೆಳಕಿಗೆ ತುಸು ಹಳದಿ ಛಾಯೆ ಇರುತ್ತದೆ, ನನಗೆ ಅದು ಇಷ್ಟ. ಬೇಡದಿದ್ದರೆ ಬಿಳಿ ಕಾಗದ ಸಾಕು. ಹಾಳೆಯ ಲಾಭ ಇನ್ನೂ ಎರಡು: ಗಾಳಿಗೆ ಅಡ್ಡ ಇಡಬಹುದು, ಒದ್ದೆ ನೆಲದಲ್ಲಿ ಮೊಣಕಾಲು ಊರಬಹುದು.

ಫೋನ್‌ನ ಫ್ಲ್ಯಾಶ್ ಬೇಡವೇ ಬೇಡ. ಬೆಳಕು ಸಾಲದಿದ್ದರೆ ಇನ್ನೊಬ್ಬರ ಫೋನ್‌ನ ಟಾರ್ಚನ್ನು ಬಿಳಿ ಮೊಸರಿನ ಡಬ್ಬದ ಒಳಗಿಟ್ಟು ಪಕ್ಕದಿಂದ ಹಿಡಿಯಿರಿ. ಬೆಳಕು ಮೆತ್ತಗಾಗಿ ಹರಡುತ್ತದೆ.

ಹತ್ತಿರ ಹೋಗುವುದು

ಇಲ್ಲೇ ಹತ್ತರಲ್ಲಿ ಒಂಬತ್ತು ಫೋಟೋ ಹಾಳಾಗುವುದು. ಹುಳ ಕಂಡ ಕೂಡಲೇ ನುಗ್ಗುತ್ತೇವೆ, ಅದು ಹಾರಿಹೋಗುತ್ತದೆ.

ಮೊದಲ ಫೋಟೋವನ್ನು ಒಂದು ಮಾರು ದೂರದಿಂದಲೇ ತೆಗೆಯಿರಿ. ಚೆನ್ನಾಗಿರಬೇಕಿಲ್ಲ, ದಾಖಲೆಗೆ. ಆಮೇಲೆ ಸುತ್ತ ನೋಡಿ: ಸೂರ್ಯ ಎಲ್ಲಿದ್ದಾನೆ, ನಿಮ್ಮ ನೆರಳು ಎತ್ತ ಬೀಳುತ್ತದೆ. ನೆರಳು ಹುಳವನ್ನು ದಾಟಿದರೆ ಕೆಲಸ ಕೆಟ್ಟಿತು. ಮುಟ್ಟಾಳೆಯ ನೆರಳನ್ನೂ ತಟ್ಟನೆ ತರದೆ ನಿಧಾನಕ್ಕೆ ಜಾರಿಸಬೇಕು. ಫೋನನ್ನು ಮೊದಲೇ ಮುಂದೆ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿ, ಬಗ್ಗಿ, ಹುಳದ ಮಟ್ಟದಲ್ಲೇ ಹೋಗಿ. ಮೇಲಿನಿಂದ ಇಳಿಯುವ ಎಲ್ಲವೂ ಅದಕ್ಕೆ ಹಕ್ಕಿಯೇ. ಒಂದು ಗೇಣು ಹೋಗಿ ನಿಲ್ಲಿ, ಒಂದು ತೆಗೆಯಿರಿ. ಮತ್ತೆ ಅರ್ಧ ಗೇಣು.

ಒಂದೊಂದು ಹುಳಕ್ಕೆ ಒಂದೊಂದು ಬುದ್ಧಿ. ಏರೋಪ್ಲೇನ್ ಚಿಟ್ಟೆ ಹಾರಿದರೆ ಹಿಂದೆ ಓಡಬೇಡಿ. ಅಲ್ಲೇ ಕೂತಿರಿ, ಹಲವು ಜಾತಿಗಳು ಅದೇ ಕಡ್ಡಿಗೆ ಮರಳುತ್ತವೆ. ಮಿಡತೆ ನಿಮ್ಮನ್ನು ಕಂಡು ದಂಟಿನ ಆಚೆ ಬದಿಗೆ ಸರಿಯುತ್ತದೆ ಅಲ್ವಾ? ಆಚೆ ಬದಿಯಿಂದ ಕೈ ಮೆಲ್ಲಗೆ ತನ್ನಿ, ಅದು ತಾನಾಗಿ ಈಚೆಗೆ ಬರುತ್ತದೆ. ಚಿಟ್ಟೆಗಳು ತೋಡಿನ ಬದಿಯ ಒದ್ದೆ ಮರಳಲ್ಲಿ ನೀರು ಹೀರುವಾಗ ಮೈಮರೆತಿರುತ್ತವೆ. ತಿನ್ನುತ್ತಿರುವ, ಜೋಡಿಯಾಗಿರುವ, ಈಗಷ್ಟೇ ಪೊರೆ ಬಿಟ್ಟ ಹುಳಗಳೂ ಹಾಗೇ.

ಸಮಯ ಬೆಳಿಗ್ಗೆ ಆರರಿಂದ ಎಂಟು. ರಾತ್ರಿಯ ತಂಪಿಗೆ ಅವುಗಳ ಮೈ ಮರಗಟ್ಟಿರುತ್ತದೆ, ಬಿಸಿಲು ಕಾಯಿಸುವವರೆಗೆ ಹಾರಲಾರವು. ಡಿಸೆಂಬರ್, ಜನವರಿಯಲ್ಲಿ ಮೀಸೆಯ ಮೇಲೂ ಮಂಜಿನ ಹನಿ ಕೂತಿರುತ್ತದೆ. ಹತ್ತು ಗಂಟೆ ಕಳೆದರೆ ನಮ್ಮ ಕಡೆ ಕಡಲ ಗಾಳಿ ಏಳುತ್ತದೆ, ಚಿಗುರು ನಿಲ್ಲುವುದಿಲ್ಲ. ಗಾಳಿಗೆ ಒಂದು ಉಪಾಯ: ಒಂದು ಕೋಲಿನ ತುದಿಗೆ ಬಟ್ಟೆ ಕ್ಲಿಪ್ ಕಟ್ಟಿ, ಕೋಲನ್ನು ಮಣ್ಣಿಗೆ ಊರಿ, ಹುಳ ಕೂತ ದಂಟನ್ನು ಹುಳಕ್ಕಿಂತ ಒಂದು ಗೇಣು ಕೆಳಗೆ ಮೆಲ್ಲಗೆ ಕಚ್ಚಿಸಿ.

ಹೊಸಬರು ಓಡದ ಹುಳದಿಂದ ಶುರುಮಾಡಿ. ಅಂಗಳದ ಕರಿಬೇವಿನ ಗಿಡ, ಇಲ್ಲವೇ ಲಿಂಬೆ ಗಿಡ ಹುಡುಕಿದರೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಾಣಬಹುದು. ಅದು ಚಿಟ್ಟೆಯ ಮರಿಹುಳ, ವೇಷ ಮಾತ್ರ ಹಿಕ್ಕೆಯದ್ದು. ದೊಡ್ಡದಾದ ಮೇಲೆ ಹಸಿರಾಗುತ್ತದೆ. ದಿನಾ ಒಂದು ಫೋಟೋ ತೆಗೆಯಿರಿ. ಕೈ ಪಳಗುತ್ತದೆ.

ಫೋಕಸ್

ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗುವುದು ಒಂದೆರಡು ಮಿಲಿಮೀಟರ್ ದಪ್ಪದ ಒಂದು ಪದರ ಮಾತ್ರ. ಕಣ್ಣು ಸ್ಪಷ್ಟವಾದರೆ ಬಾಲ ಮಸುಕು. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿ. ಮುಖ ಬೇಕಾದರೆ ಕಣ್ಣಿಗೆ ಫೋಕಸ್ ಮಾಡಿ, ಉಳಿದದ್ದು ಹೋಗಲಿ. ಇಡೀ ಮೈ ಬೇಕಾದರೆ ಪಕ್ಕಕ್ಕೆ ಬಂದು, ಫೋನನ್ನು ಹುಳದ ಮೈಗೆ ಸಮಾನಾಂತರವಾಗಿ ಹಿಡಿಯಿರಿ. ರೆಕ್ಕೆ ಮಡಚಿದ ಚಿಟ್ಟೆಗೆ ಇದೇ ಸರಿ.

ಪರದೆಯ ಮೇಲೆ ಹುಳದ ಜಾಗವನ್ನು ಒತ್ತಿ ಹಿಡಿದರೆ ಫೋಕಸ್ ಬೀಗ ಬೀಳುತ್ತದೆ. ಆಮೇಲೆ ಪರದೆ ಮುಟ್ಟಬೇಡಿ. ನೀವೇ ಕೂತಲ್ಲಿಂದ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ತೂಗಿ. ತೂಗುತ್ತಾ ಸಾಲಾಗಿ ತೆಗೆಯುತ್ತಾ ಹೋಗಿ. ಇಪ್ಪತ್ತರಲ್ಲಿ ಒಂದು ಸರಿಯಾಗಿ ಬರುತ್ತದೆ, ಹತ್ತೊಂಬತ್ತನ್ನು ಅಳಿಸಿ. ವಾಲ್ಯೂಮ್ ಬಟನ್ ಒತ್ತಿ ತೆಗೆದರೆ ಅಲುಗಾಟ ಕಡಿಮೆ. ಫೋಕಸ್ ಹುಳವನ್ನು ಬಿಟ್ಟು ಹಿಂದಿನ ಹುಲ್ಲಿಗೆ ಓಡುತ್ತಿದ್ದರೆ ಹುಳದ ಪಕ್ಕ ನಿಮ್ಮ ಬೆರಳು ಹಿಡಿದು, ಬೆರಳಿಗೆ ಬೀಗ ಹಾಕಿ, ಬೆರಳು ತೆಗೆಯಿರಿ. ಪ್ರೊ ಮೋಡ್ ಇದ್ದರೆ ಶಟರ್ 1/250 ಸೆಕೆಂಡ್ ಅಥವಾ ಅದಕ್ಕಿಂತ ವೇಗ ಇಡಿ. ಬಿಳಿ ಹೂವಿನ ಮೇಲಿನ ಹುಳಕ್ಕೆ ಪರದೆಯಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಗೆರೆಯನ್ನು ತುಸು ಕೆಳಕ್ಕೆ ಎಳೆಯಿರಿ.

ತುಂಬಾ ಚಡಪಡಿಸುವ ಹುಳಕ್ಕೆ 4ಕೆ ವಿಡಿಯೋ ಮಾಡಿ, ಆಮೇಲೆ ಒಂದು ಚೌಕಟ್ಟು ಹೆಕ್ಕಿ. ಅದೇ 8 ಮೆಗಾಪಿಕ್ಸೆಲ್ ಫೋಟೋ. ಇರುವೆಗೆ ನಾನು ಹೀಗೇ ಮಾಡುವುದು.

ಚಗಳಿಯ ಮರದಲ್ಲಿ

ಬೀಜದ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆ ಗೊತ್ತಲ್ಲ. ಟೀ ಸೊಳ್ಳೆಯನ್ನು ಓಡಿಸುವವರಲ್ಲಿ ಇವೂ ಸೇರಿವೆ. ಹೆಲಿಕಾಪ್ಟರ್ ಬರುವ ಮೊದಲೂ ಮರದಲ್ಲಿ ಕಾವಲಿಗೆ ಇದ್ದವರು. ಮಲಯಾಳದಲ್ಲಿ ಇದಕ್ಕೆ ಪುಳಿಯುರುಂಬು, ಅಂದರೆ ಹುಳಿ ಇರುವೆ ಅನ್ನುತ್ತಾರೆ. ಆ ಹುಳಿ ಫಾರ್ಮಿಕ್ ಆಮ್ಲ. ಕಚ್ಚಿದ ಜಾಗಕ್ಕೆ ಅದನ್ನೇ ಚಿಮ್ಮುತ್ತದೆ. ನಿಮ್ಮ ಉಸಿರು ತಾಗಿದರೂ ಸಾಲು ಸಾಲಾಗಿ ಎದ್ದು ನಿಲ್ಲುತ್ತವೆ. ಉಸಿರನ್ನು ಪಕ್ಕಕ್ಕೆ ಬಿಡಿ. ಕೊಂಬೆಗೆ ಕೈ ಊರಬೇಡಿ. ಕನ್ನಡಕ ಇದ್ದರೆ ಹಾಕಿಕೊಳ್ಳಿ, ಒಮ್ಮೆ ಕಣ್ಣಿಗೆ ಹನಿ ಬಿದ್ದು ನಾನು ಅರ್ಧ ದಿನ ಕೊಟ್ಟಿಗೆಯ ಕತ್ತಲೆಯಲ್ಲಿ ಕೂತಿದ್ದೆ.

ಇಂಥ ಸಾಲಿನ ಫೋಟೋ ತೆಗೆದಾಗ ಕಾಲು ಎಣಿಸಿ. ತಮಾಷೆ ಅಲ್ಲ. ಒಂದು 'ಇರುವೆ' ಸಾಲಿನಿಂದ ದೂರ, ಒಂಟಿಯಾಗಿ ಎಲೆಯ ಅಂಚಲ್ಲಿತ್ತು. ಕಡ್ಡಿ ತಾಗಿದ ಕೂಡಲೇ ನೂಲು ಬಿಟ್ಟು ಕೆಳಗಿಳಿಯಿತು. ಇರುವೆ ನೂಲು ಬಿಟ್ಟು ಇಳಿಯುತ್ತದೆಯೇ? ಫೋಟೋ ದೊಡ್ಡದು ಮಾಡಿದರೆ ಕಾಲು ಎಂಟು. ಮುಂದಿನ ಎರಡನ್ನು ಮೀಸೆಯ ಹಾಗೆ ಎತ್ತಿಕೊಂಡಿದೆ. ಮುಖದಲ್ಲಿ ಎರಡು ದೊಡ್ಡ ಕಣ್ಣು. ಚಗಳಿಯ ವೇಷ ಹಾಕಿದ ಜಿಗಿಜೇಡ! ಇದರ ಗಂಡಿಗೆ ದವಡೆ ಎಷ್ಟು ಉದ್ದ ಅಂದರೆ ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುವಂತೆ ಕಾಣುತ್ತದೆ. ಯಕ್ಷಗಾನ ಆಟದ ಮೇಳಗಳನ್ನು ನೋಡಿ ಬೆಳೆದ ನಮಗೂ ಇಂಥ ಬಣ್ಣಗಾರಿಕೆ ಹೊಸತು.

ಎಲ್ಲಿ, ಯಾವಾಗ

ಮಳೆಗಾಲದ ಕೊನೆಗೆ, ಓಣಂ ಹೊತ್ತಿಗೆ, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾರೆಗಳಿಗೆ ಹೋಗಿ. ಕಾಸರಗೋಡಿನ ಪೊಸಡಿಗುಂಪೆ, ಅನಂತಪುರದ ಸುತ್ತಿನ ಪಾರೆ. ಬೇಸಿಗೆಯಲ್ಲಿ ಬೆಂದ ಕಾವಲಿಯಂತಿದ್ದ ಕಲ್ಲಿನ ಮೇಲೆ ಆಗ ನೇರಳೆ ಹೂವಿನ ಹಾಸು, ಮಲಯಾಳಿಗಳು ಪೂಕ್ಕಳಂಗೆ (ಓಣಂ ಹೂರಂಗೋಲಿಗೆ) ಕೊಯ್ಯುವ ಕಾಕ್ಕಪ್ಪೂ. ಹೂವಿನ ನಡುವೆ ಹೊಟ್ಟೆ ಅಡಿಯಾಗಿ ಮಲಗಿದರೆ ಜೇನು, ನೊಣ, ಸಣ್ಣ ಮಿಡತೆ ಎಲ್ಲ ಕಣ್ಣಿನ ಮಟ್ಟಕ್ಕೇ ಬರುತ್ತವೆ. ಮಲಗುವ ಮೊದಲು ಹೂ ಇಲ್ಲದ ಜಾಗ ನೋಡಿ.

ಬೇಸಿಗೆಯಲ್ಲಿ ಕೊಟ್ಟಿಗೆ ಬದಿಯ, ಮಳೆ ಬೀಳದ ಒಣ ಹುಡಿಮಣ್ಣಲ್ಲಿ ಆಲಿಕೆಯಂಥ ಗುಂಡಿಗಳಿರುತ್ತವೆ. ಅಡಿಯಲ್ಲಿ ಇರುವೆ ಹಿಡಿದು ತಿನ್ನುವ ಹುಳ, ಕುಳಿಯಾನ, ಅಡಗಿರುತ್ತದೆ. ಹೆಸರು ಮಲಯಾಳದ್ದು, ಗುಂಡಿಯ ಆನೆ ಅಂತ ಅರ್ಥ. ಇರುವೆ ಜಾರಿ ಬೀಳುವುದನ್ನು ವಿಡಿಯೋ ಮಾಡಲು ಇದಕ್ಕಿಂತ ಸುಲಭದ ಜಾಗ ಇಲ್ಲ.

ರಾತ್ರಿಗೆ ಜಗಲಿ ಸಾಕು. ಹಗ್ಗದ ಮೇಲೆ ಬಿಳಿ ಮುಂಡು ಹರವಿ, ಎದುರು ದೀಪ ಹಾಕಿ. ಹಳೆಯ ಟ್ಯೂಬ್‌ಲೈಟ್‌ಗೆ ಎಲ್‌ಇಡಿಗಿಂತ ಜಾಸ್ತಿ ಪತಂಗ ಬರುತ್ತವೆ. ಹತ್ತು ಗಂಟೆಗೆ ದೀಪ ಆರಿಸಿಬಿಡಿ, ಇಲ್ಲವಾದರೆ ಎಲ್ಲ ಹಲ್ಲಿಗೆ ಊಟ.

ಎಚ್ಚರಿಕೆ ಎರಡೇ. ಬಗ್ಗುವ ಮೊದಲು ದರಗನ್ನು (ಒಣಗಿ ಬಿದ್ದ ಎಲೆ) ಕೋಲಿನಿಂದ ಕೆದಕಿ, ಕೊಳಕುಮಂಡಲ ಹಾವು ದರಗಿನ ಬಣ್ಣದ್ದೇ. ಕಂಬಳಿಹುಳವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇನ್ನು, ಹುಳವನ್ನು ಫ್ರಿಜ್‌ನಲ್ಲಿಟ್ಟು ಮಂಕಾಗಿಸಿ, ಎಲೆಗೆ ಅಂಟಿಸಿ ತೆಗೆಯುವವರಿದ್ದಾರೆ. ಆ ಫೋಟೋ ನೋಡಿದರೆ ಗೊತ್ತಾಗುತ್ತದೆ, ಕಾಲು ನಿಲ್ಲುವ ರೀತಿಯೇ ಬೇರೆ. ಹಾಗೆ ಮಾಡಬೇಡಿ.

ಮನೆಗೆ ಬಂದ ಮೇಲೆ

ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಿ ಅಂಚು ಕತ್ತರಿಸಿ, ನೆರಳನ್ನು ತುಸು ಎತ್ತಿ. ಶಾರ್ಪ್ ಮಾಡುವ ಗೆರೆಯನ್ನು ಜಾಸ್ತಿ ಎಳೆದರೆ ಹುಳದ ಮೈ ಮರಳು ಕಾಗದ ಆಗುತ್ತದೆ. ಹೆಸರು ತಿಳಿಯಬೇಕಾದರೆ ಜೀವಿಗಳನ್ನು ಗುರುತಿಸಿಕೊಡುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಅಲ್ಲಿ ಗುರುತಿಸುವವರಿಗೆ ಒಂದೇ ಚಂದದ ಫೋಟೋ ಸಾಲದು. ಮೇಲಿನಿಂದ, ಪಕ್ಕದಿಂದ, ಮುಖ, ಕೂತ ಗಿಡ, ಇಷ್ಟೂ ಬೇಕು. ಬೆನ್ನ ಸೂಜಿ ಪಕ್ಕದಿಂದ ತೆಗೆದದ್ದರಲ್ಲಿ ಮಾತ್ರ ಕಂಡದ್ದು.

ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಮಾನ್ಯ ಫೋಟೋ ಆಗಿ ಹೋದರೆ ಹಿಂಡಿ ಸಣ್ಣದಾಗುತ್ತದೆ, ಇಷ್ಟು ಕಷ್ಟಪಟ್ಟು ಹಿಡಿದ ಮೀಸೆಯೇ ಮಾಯ. ನಾನು ಟೀ ಸೊಳ್ಳೆಯದನ್ನು ಹೀಗೆ ಕಳಿಸಿದ್ದು ಪಕ್ಕದ ಮನೆಯ ಹಿರಿಯರಿಗೆ. ಹೆಲಿಕಾಪ್ಟರ್ ಸದ್ದು ಕೇಳಿದರೆ ಬಾವಿಗೆ ಸೋಗೆ ಮುಚ್ಚಲು ಓಡುತ್ತಿದ್ದವರು ಅವರು. ಎರಡು ಬೆರಳಲ್ಲಿ ಹಿಗ್ಗಿಸಿ, ಕುಗ್ಗಿಸಿ, ತುಂಬ ಹೊತ್ತು ನೋಡಿದರು. "ಇಷ್ಟೇ ಇಷ್ಟಾ?" ಅಂದರು. ಮರುದಿನ ಬೆಳಿಗ್ಗೆ ಅವರ ಫೋನ್‌ನಲ್ಲಿ ಮುಖ್ಯ ಕ್ಯಾಮೆರಾ ಯಾವುದು ಅಂತ ನಾವಿಬ್ಬರೂ ಒಂದೊಂದೇ ಕಣ್ಣು ಮುಚ್ಚಿ ಹುಡುಕುತ್ತಿದ್ದೆವು.